ಅಳಿಯನಿಗೆ, ಅಂಗಡಿ ತೆರೆಯುವ ಮೊದಲು

ಅಳಿಯಾ,

ಆಟಿ ತಿಂಗಳು ಕಳೆದ ಕೂಡಲೇ ಸಿದ್ಧಕಟ್ಟೆ ಪೇಟೆಯಲ್ಲಿ ಅಂಗಡಿ ಶುರುಮಾಡುತ್ತೇನೆ, ಕೋಣೆ ಗೊತ್ತಾಯಿತು ಎಂದು ನೀನು ಫೋನಿನಲ್ಲಿ ಹೇಳಿದ ಮೇಲೆ ಎರಡು ದಿನದಿಂದ ನನಗೆ ಅದೇ ಯೋಚನೆ. ತುಂಬ ಸಂತೋಷ. ಒಂದು ಪಹಣಿ ತೆಗೆಸಲಿಕ್ಕೆ, ಮಕ್ಕಳ ವಿದ್ಯಾರ್ಥಿವೇತನದ ಅರ್ಜಿ ತುಂಬಲಿಕ್ಕೆ, ಮದುವೆ ಕಾಗದ ಮಾಡಿಸಲಿಕ್ಕೆ ಬಂಟ್ವಾಳಕ್ಕೋ ಮೂಡುಬಿದಿರೆಗೋ ಬಸ್ಸು ಹತ್ತುವವರು ನಮ್ಮಲ್ಲಿ ಈಗಲೂ ಎಷ್ಟೋ ಮಂದಿ. ಅವರ ಅರ್ಧ ದಿನದ ಕೂಲಿ ಉಳಿಯುತ್ತದೆ. ನಿನ್ನ ಅಮ್ಮ ಕೂಡ ಮೊನ್ನೆ ಬಹಳ ಖುಷಿಯಲ್ಲಿ ಮಾತಾಡಿದಳು.

ಆದರೆ ಒಂದು ಮಾತು ಮಾತ್ರ ಮನಸ್ಸಿನಲ್ಲಿ ಮುಳ್ಳಿನ ಹಾಗೆ ನಿಂತಿದೆ. “ಸಾಫ್ಟ್‌ವೇರಿಗೆ ಖರ್ಚಿಲ್ಲ ಮಾವ, ಗೆಳೆಯ ಪೆನ್ ಡ್ರೈವಿನಲ್ಲಿ ತಂದು ಎಲ್ಲ ಹಾಕಿಕೊಡುತ್ತಾನೆ” ಎಂದೆ. ವಿಂಡೋಸ್, ಆಫೀಸ್, ಫೋಟೋಶಾಪ್, ಕೋರೆಲ್, ಪೇಜ್‌ಮೇಕರ್, ಎಲ್ಲ ಒಂದೇ ಪೆನ್ ಡ್ರೈವಿನಲ್ಲಿ. ಮಗಾ, ಅದು ಖರ್ಚಿಲ್ಲದ್ದಲ್ಲ, ಕದ್ದದ್ದು. ಎಲ್ಲರೂ ಹಾಗೆಯೇ ಮಾಡುತ್ತಾರೆ ಎಂದು ನೀನು ಹೇಳುವೆ, ನನಗೆ ಗೊತ್ತು. 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ 63ಬಿ ಎಂಬ ಒಂದು ಕಲಮು ಇದೆ. ಗೊತ್ತಿದ್ದೂ ಕಂಪ್ಯೂಟರ್ ಪ್ರೋಗ್ರಾಮಿನ ಕಳ್ಳಪ್ರತಿ ಬಳಸಿದವನಿಗೆ ಏಳು ದಿನಕ್ಕೆ ಕಡಿಮೆಯಿಲ್ಲದ, ಮೂರು ವರ್ಷದವರೆಗೆ ಹೋಗಬಹುದಾದ ಜೈಲು. ಐವತ್ತು ಸಾವಿರದಿಂದ ಎರಡು ಲಕ್ಷದವರೆಗೆ ದಂಡ. ಮನೆಯಲ್ಲಿ ಆಟಕ್ಕೆ ಬಳಸುವವನ ಮಾತು ಬೇರೆ. ನೀನು ವ್ಯಾಪಾರಕ್ಕೆ ಕೂರುವವನು.

ಅದಕ್ಕಿಂತಲೂ ನನ್ನನ್ನು ಕಾಡುವುದು ನಿನ್ನ ಮೇಜಿನ ಮೇಲೆ ಬರುವ ಕಾಗದಗಳು. ಜನ ನಿನ್ನನ್ನು ನಂಬಿ ಆಧಾರ್ ಕೊಡುತ್ತಾರೆ, ಪಾಸ್ ಬುಕ್ ಕೊಡುತ್ತಾರೆ, ಬಂದ ಒಟಿಪಿಯನ್ನೂ ಓದಿ ಹೇಳುತ್ತಾರೆ. ‘ಕ್ರ್ಯಾಕ್’ ಎಂದು ಹಾಕುತ್ತಾರಲ್ಲ, ಅದನ್ನು ಬರೆದವನು ಯಾರೆಂದು ನಿನ್ನ ಗೆಳೆಯನಿಗೂ ಗೊತ್ತಿಲ್ಲ. ಒಂದು ಬೀಗ ಮುರಿದುಕೊಟ್ಟವನು ನಿನ್ನ ಅಂಗಡಿಯ ಬೀಗಕ್ಕೆ ಕೈ ಹಾಕುವುದಿಲ್ಲ ಎಂಬ ಧೈರ್ಯ ನಿನಗೆ ಎಲ್ಲಿಂದ?

ಹಾಗಾದರೆ ಲಕ್ಷ ರೂಪಾಯಿ ಸುರಿದು ಎಲ್ಲ ಕೊಳ್ಳಬೇಕಾ ಎಂದರೆ, ಅದನ್ನೂ ಹೇಳುವುದಿಲ್ಲ. ಕೊಳ್ಳುವ ಮೊದಲು ಇನ್ನೊಂದು ದಾರಿಯನ್ನು ನೋಡು ಎಂದು ಹೇಳಲಿಕ್ಕೆ ಇಷ್ಟು ಬರೆಯುತ್ತಿರುವುದು. ಅದಕ್ಕೆ ಕಾರಣವಾದ ಒಂದು ಸಂಗತಿಯನ್ನು ನಾನು ಮನೆಯಲ್ಲಿ ಯಾರಿಗೂ ಸರಿಯಾಗಿ ಹೇಳಿಲ್ಲ.

ನಾನು ಸಹಕಾರಿ ಸಂಘದಲ್ಲಿ ಕಾರ್ಯದರ್ಶಿಯಾಗಿದ್ದ ಕಾಲ. ಯಾವ ಸಂಘ, ಯಾವ ಕಂಪೆನಿ ಎಂಬುದು ಈಗ ಬೇಡ. ಕಂಪ್ಯೂಟರ್ ಬಂದ ಹೊಸತರಲ್ಲಿ ಲೆಕ್ಕದ ಪ್ರೋಗ್ರಾಮ್ ಒಂದನ್ನು ದೂರದ ಕಂಪೆನಿಯಿಂದ ದುಡ್ಡು ಕೊಟ್ಟೇ ತೆಗೆದುಕೊಂಡೆವು. ಅದರ ಜೊತೆಗೆ ಹೆಬ್ಬೆರಳು ಗಾತ್ರದ ಒಂದು ಡಾಂಗಲ್ ಕೊಟ್ಟಿದ್ದರು. ಕಂಪ್ಯೂಟರಿನ ಹಿಂಬದಿಗೆ ಅದನ್ನು ಸಿಕ್ಕಿಸಿದರೆ ಮಾತ್ರ ಪ್ರೋಗ್ರಾಮ್ ತೆರೆಯುತ್ತಿತ್ತು. ಒಂಬತ್ತು ವರ್ಷ ಚೆನ್ನಾಗಿಯೇ ನಡೆಯಿತು. ಷೇರು, ಠೇವಣಿ, ಬೆಳೆಸಾಲ, ಗೊಬ್ಬರದ ದಾಸ್ತಾನು, ಎಲ್ಲ ಅದರೊಳಗೆ. ಒಂದು ವರ್ಷ ಮಳೆಗಾಲದ ಆರಂಭದ ಸಿಡಿಲಿಗೆ ಕಂಪ್ಯೂಟರ್ ಸುಟ್ಟುಹೋಯಿತು, ಡಾಂಗಲೂ ಹೋಯಿತು. ನಾನು ಹೆದರಲಿಲ್ಲ. ಪ್ರತಿ ಶನಿವಾರ ಸಿಡಿಗೆ ಬ್ಯಾಕಪ್ ತೆಗೆದು ಕಪಾಟಿನಲ್ಲಿ ಇಡುತ್ತಿದ್ದೆ. ಹೊಸ ಕಂಪ್ಯೂಟರ್ ತಂದು ಕಂಪೆನಿಗೆ ಫೋನ್ ಮಾಡಿದರೆ ಆ ನಂಬರೇ ಚಾಲ್ತಿಯಲ್ಲಿಲ್ಲ. ವಿಚಾರಿಸಿದಾಗ ಕಂಪೆನಿ ಮುಚ್ಚಿ ವರ್ಷವಾಗಿತ್ತು.

ಸಿಡಿ ಕೈಯಲ್ಲಿದೆ, ಫೈಲು ಅದರಲ್ಲಿದೆ, ತೆರೆದರೆ ಅರ್ಥವಿಲ್ಲದ ಗೆರೆ, ಚೌಕ, ಚುಕ್ಕೆ. ಮಂಗಳೂರಿನಿಂದ ಒಬ್ಬರು ತಿಳಿದವರನ್ನು ಕರೆಸಿದೆ. ಆ ಫೈಲನ್ನು ಯಾವ ರೀತಿಯಲ್ಲಿ ಬರೆದಿಡಲಾಗಿದೆ ಎಂಬುದು ಕಂಪೆನಿಯವರಿಗಲ್ಲದೆ ಯಾರಿಗೂ ಗೊತ್ತಿಲ್ಲ, ಪ್ರೋಗ್ರಾಮಿನ ಮೂಲ ಬರಹ (ಸೋರ್ಸ್ ಕೋಡ್) ಇಲ್ಲದೆ ಏನೂ ಮಾಡಲಿಕ್ಕಾಗುವುದಿಲ್ಲ ಎಂದರು. ಮಹಾಸಭೆಗೆ ಆರು ವಾರ ಉಳಿದಿತ್ತು. ನಾವು ಮೂವರು ಮುದ್ರಿಸಿಟ್ಟ ಲೆಜರ್ ಹಾಳೆಗಳನ್ನು ಎದುರಿಟ್ಟುಕೊಂಡು ರಾತ್ರಿ ಹತ್ತರವರೆಗೆ ಕೂತು ಒಂದೊಂದೇ ಖಾತೆಯನ್ನು ಮತ್ತೆ ಬರೆದೆವು. ಕೆಲವು ಹಾಳೆಗಳನ್ನು ಗೆದ್ದಲು ತಿಂದಿತ್ತು. ವಯಸ್ಸಾದ ಒಬ್ಬರು ಹೆಂಗಸಿನ ಠೇವಣಿಯ ಲೆಕ್ಕ ಎಲ್ಲಿಯೂ ತಾಳೆಯಾಗದೆ ಅವರ ಮನೆಗೇ ಹೋದೆ. ಪಾಸ್ ಬುಕ್ ತಂದು ಕೊಟ್ಟು ಅವರು ಕೇಳಿದರು: “ನನ್ನ ಲೆಕ್ಕ ನಿಮ್ಮ ಹತ್ತಿರ ಇಲ್ಲವಾ ಸೆಕ್ರೆಟ್ರಿಯವರೇ?”

ಇತ್ತು. ನಮ್ಮ ಕಪಾಟಿನಲ್ಲೇ ಇತ್ತು. ಅದನ್ನು ಓದುವ ಅಧಿಕಾರ ಮಾತ್ರ ನಮಗೆ ಇರಲಿಲ್ಲ. ಆ ಅಂಗಳದಲ್ಲಿ ನಿಂತು ಅವರಿಗೆ ಇದನ್ನು ಹೇಗೆ ವಿವರಿಸುವುದು ಎಂದು ತಿಳಿಯದೆ ತಲೆ ತಗ್ಗಿಸಿಕೊಂಡು ಬಂದೆ. ಆಮೇಲೆಯೇ ನಾನು ಈ ಮುಕ್ತ ತಂತ್ರಾಂಶ ಎಂಬುದನ್ನು ಓದಿ ತಿಳಿಯಲಿಕ್ಕೆ ಹೊರಟದ್ದು.

‘ಮುಕ್ತ’ ಎಂಬ ಪದ ಕೇಳಿದ ಕೂಡಲೇ ‘ಪುಕ್ಕಟೆ’ ಎಂದುಕೊಳ್ಳಬೇಡ. ಇಂಗ್ಲಿಷಿನಲ್ಲಿ ಎರಡಕ್ಕೂ ಫ್ರೀ ಎಂಬ ಒಂದೇ ಪದ, ಅದರಿಂದ ಅವರಿಗೆ ದಿನವೂ ಗೊಂದಲ. ನಮಗೆ ಎರಡು ಪದ ಇದೆ, ಎರಡು ಅರ್ಥ ಇದೆ. ನಿನ್ನ ಫೋನಿನಲ್ಲಿರುವ ಅರ್ಧಕ್ಕರ್ಧ ಆ್ಯಪುಗಳು ಪುಕ್ಕಟೆ, ಒಂದೂ ನಿನ್ನ ಹಿಡಿತದಲ್ಲಿಲ್ಲ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂದಾಗ ಅದು ದುಡ್ಡಿಲ್ಲದೆ ಸಿಗುತ್ತಿತ್ತು. ಕಂಪ್ಯೂಟರಿನಲ್ಲಿ ಕನ್ನಡ ಬರೆಯಲಿಕ್ಕೆ ಎಷ್ಟೋ ಜನ ಕಲಿತದ್ದು ಅದರಿಂದಲೇ, ಆ ಉಪಕಾರ ದೊಡ್ಡದು. ಮುಂದೆ ಅದಕ್ಕೆ ಬೆಲೆ ಬಂತು. ಮಾಡಿದವರ ದುಡಿಮೆ, ಅವರ ಹಕ್ಕು; ಅದರಲ್ಲಿ ತಪ್ಪಿಲ್ಲ. ನಾನು ಹೇಳುವುದಿಷ್ಟೇ, ಮೂಲ ಬರಹ ತೆರೆದಿಡದ ಪ್ರೋಗ್ರಾಮು ಇಂದು ಪುಕ್ಕಟೆಯಾಗಿದ್ದರೂ ನಾಳೆ ಹೇಗೆ ಎಂಬುದನ್ನು ನಿರ್ಧರಿಸುವವನು ನೀನಲ್ಲ.

ಅಮೆರಿಕದಲ್ಲಿ ರಿಚರ್ಡ್ ಸ್ಟಾಲ್‌ಮನ್ ಎಂಬವರು ಒಂದು ದೊಡ್ಡ ವಿದ್ಯಾಸಂಸ್ಥೆಯ ಪ್ರಯೋಗಾಲಯದಲ್ಲಿದ್ದಾಗ ಅಲ್ಲಿಯ ಪ್ರಿಂಟರಿನಲ್ಲಿ ಕಾಗದ ಆಗಾಗ ಸಿಕ್ಕಿಹಾಕಿಕೊಳ್ಳುತ್ತಿತ್ತು. ಪ್ರೋಗ್ರಾಮನ್ನು ಸ್ವಲ್ಪ ತಿದ್ದಿದರೆ ಕಾಗದ ಸಿಕ್ಕಿಕೊಂಡ ಕೂಡಲೇ ಎಲ್ಲರಿಗೂ ತಿಳಿಯುವ ಹಾಗೆ ಮಾಡಬಹುದಿತ್ತು. ಮೂಲ ಬರಹ ಇದ್ದವರನ್ನು ಕೇಳಿದರೆ, ಯಾರಿಗೂ ಕೊಡುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ ಎಂದರಂತೆ. ಅದು ಸ್ಟಾಲ್‌ಮನ್ ಅವರ ಮನಸ್ಸಿಗೆ ನಾಟಿತು. 1983ರಲ್ಲಿ ಗ್ನೂ ಎಂಬ ಮುಕ್ತ ತಂತ್ರಾಂಶದ ಯೋಜನೆಯನ್ನು ಘೋಷಿಸಿದರು. ಪ್ರೋಗ್ರಾಮನ್ನು ಯಾವ ಉದ್ದೇಶಕ್ಕೂ ಬಳಸಬಹುದು, ಒಳಗೆ ಹೇಗಿದೆ ಎಂದು ನೋಡಿ ತಿದ್ದಬಹುದು, ಪ್ರತಿ ಮಾಡಿ ಹಂಚಬಹುದು, ತಿದ್ದಿದ್ದನ್ನೂ ಹಂಚಬಹುದು ಎಂಬ ನಾಲ್ಕು ಸ್ವಾತಂತ್ರ್ಯಗಳು ಅದರ ಬುನಾದಿ. 1989ರಲ್ಲಿ ಅವರು ಬರೆದ ಜಿಪಿಎಲ್ ಎಂಬ ಪರವಾನಗಿಯಲ್ಲಿ ಇನ್ನೊಂದು ಷರತ್ತು ಸೇರಿತು: ನೀನು ತಿದ್ದಿ ಬೇರೆಯವರಿಗೆ ಕೊಟ್ಟರೆ ನಿನಗೆ ಸಿಕ್ಕಿದ ಅದೇ ಹಕ್ಕನ್ನು ಅವರಿಗೂ ಕೊಡಬೇಕು. ಘಟ್ಟದ ಮೇಲೆ ಮುಯ್ಯಾಳು ಎನ್ನುತ್ತಾರಲ್ಲ, ಇಂದು ಅವನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ಅವನು, ಹೆಚ್ಚುಕಡಿಮೆ ಆ ಲೆಕ್ಕ. 1991ರಲ್ಲಿ ಲೀನಸ್ ಟೋರ್ವಾಲ್ಡ್ಸ್ ಎಂಬ ಫಿನ್ಲೆಂಡಿನ ವಿದ್ಯಾರ್ಥಿ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ಮಿನ ತಿರುಳನ್ನು ಬರೆದು ಮುಂದಿನ ವರ್ಷ ಇದೇ ಪರವಾನಗಿಗೆ ಒಪ್ಪಿಸಿದ. ನಿನ್ನ ಆಂಡ್ರಾಯ್ಡ್ ಫೋನಿನ ಬುಡದಲ್ಲಿರುವುದೂ ಅದೇ ಲಿನಕ್ಸ್.

ಆದರೆ ಈ ವಿಚಾರ ಅಮೆರಿಕದಿಂದ ಬಂದದ್ದೆಂದು ನನಗೆ ಯಾವತ್ತೂ ಅನಿಸಲಿಲ್ಲ. ಚಿಕ್ಕವನಿದ್ದಾಗ ನಿನ್ನನ್ನು ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ ಕರೆದುಕೊಂಡು ಹೋಗಿದ್ದೆ, ನೆನಪಿದೆಯಾ? ಆ ಊರಿನ ಇನ್ನೊಂದು ಬಸದಿಯಲ್ಲಿ ಧವಳ, ಜಯಧವಳ, ಮಹಾಧವಳ ಎಂಬ ತಾಳೆಗರಿಯ ಗ್ರಂಥಗಳು ಉಳಿದುಬಂದದ್ದು. ಭಾಷೆ ಮುಖ್ಯವಾಗಿ ಪ್ರಾಕೃತ, ಲಿಪಿ ಹಳಗನ್ನಡದ್ದು. ದೇಶದಲ್ಲಿ ಬೇರೆಲ್ಲಿಯೂ ಇಲ್ಲದ ಗ್ರಂಥಗಳನ್ನು ನಮ್ಮ ನೆರೆಯ ಊರು ಶತಮಾನಗಳ ಕಾಲ ಜೋಪಾನ ಮಾಡಿತು. ಅದು ಸಣ್ಣ ಮಾತಲ್ಲ. ಅಷ್ಟೂ ಕಾಲ ಅವು ದರ್ಶನಕ್ಕೆ ಮಾತ್ರ ಸಿಗುತ್ತಿದ್ದವು. 19ನೆಯ ಶತಮಾನದ ಕೊನೆಗೆ ಪ್ರತಿ ಮಾಡುವ ಕೆಲಸ ಆರಂಭವಾಯಿತು. 1939ರಿಂದ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಳದ ಸಂಪುಟಗಳು ಅಚ್ಚಾಗಿ ಬಂದ ಮೇಲೆ ವಿದ್ವಾಂಸರೆಲ್ಲ ಓದುವ ಹಾಗಾಯಿತು. ಒಂದೇ ಪ್ರತಿ ಇರುವ ಗ್ರಂಥಕ್ಕೆ ಒಂದು ಗೆದ್ದಲ ಹುತ್ತ ಸಾಕು ಮಗಾ. ಅದು ನನಗೆ ಸಂಘದ ಲೆಜರಿನಿಂದ ಗೊತ್ತು.

ಇನ್ನೂ ಹಿಂದೆ ಹೋದರೆ ಅತ್ತಿಮಬ್ಬೆ. 10ನೆಯ ಶತಮಾನದಲ್ಲಿ ಪೊನ್ನನ ಶಾಂತಿಪುರಾಣ ಅಳಿದುಹೋಗಬಾರದೆಂದು ಸಾವಿರ ಪ್ರತಿ ಬರೆಯಿಸಿ ಹಂಚಿದವಳು. ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ ಸಾವಿರ ಪ್ರತಿ ಎಂದರೆ ಎಷ್ಟು ತಾಳೆಗರಿ, ಎಷ್ಟು ಕೈ, ಎಷ್ಟು ತಿಂಗಳು! ಜೈನರಲ್ಲಿ ಶಾಸ್ತ್ರದಾನ ಎಂದು ಅದಕ್ಕೆ ಹೆಸರೇ ಇದೆ. ಲಿನಕ್ಸ್ ತುಂಬಿದ ಪೆನ್ ಡ್ರೈವನ್ನು ಒಬ್ಬ ಇನ್ನೊಬ್ಬನಿಗೆ ಕೊಡುವುದನ್ನು ನೋಡುವಾಗ ನನಗೆ ನೆನಪಾಗುವುದು ಅತ್ತಿಮಬ್ಬೆಯೇ.

ನಮ್ಮ ಕಾಲದಲ್ಲಿಯೂ ಹಾಗೆ ಕೊಟ್ಟವರಿದ್ದಾರೆ. ಮಂಗಳೂರು ಹತ್ತಿರದ ಕಿನ್ನಿಕಂಬಳದವರು ಕೆ.ಪಿ. ರಾವ್. ಇಂಗ್ಲಿಷ್ ಕೀಲಿಮಣೆಯ ಇಪ್ಪತ್ತಾರು ಅಕ್ಷರದ ಮೇಲೆಯೇ ಇಡೀ ಕನ್ನಡವನ್ನು ಕೂರಿಸಿದವರು. ನೀನು ‘ನುಡಿ’ ತಂತ್ರಾಂಶದಲ್ಲಿ ‘ಎಫ್’ ಒತ್ತಿ ಒತ್ತಕ್ಷರ ಮಾಡುತ್ತೀಯಲ್ಲ, ಆ ವಿನ್ಯಾಸ ಅವರದ್ದು. ಪೇಟೆಂಟ್ ಮಾಡಿಸಿ ಕೂತು ಉಣ್ಣಬಹುದಿತ್ತು. ಮಾಡಿಸಲಿಲ್ಲ, ಜನಕ್ಕೆ ಬಿಟ್ಟುಕೊಟ್ಟರು. ಕನ್ನಡ ಗಣಕ ಪರಿಷತ್ತು (ಕಗಪ) ಅದನ್ನು ಹಿಡಿದು ನುಡಿಯಲ್ಲಿ ಬೆಳೆಸಿತು. ಈಗ ಯಾವುದೇ ಲಿನಕ್ಸಿನಲ್ಲಿ ಕೀಲಿಮಣೆಗಳ ಪಟ್ಟಿ ತೆರೆದು ನೋಡು, ಕನ್ನಡದ ಕೆಳಗೆ ‘ಕಗಪ’ ಎಂದು ಇರುತ್ತದೆ. ಹಿಂದಿ, ಮರಾಠಿ, ಸಂಸ್ಕೃತ, ತೆಲುಗಿನ ಪಟ್ಟಿಯಲ್ಲಿಯೂ ‘ಕಗಪ’ ಇದೆ. ಬಿಟ್ಟುಕೊಟ್ಟದ್ದರಿಂದ ಅಲ್ಲವಾ ಅದು ಅಷ್ಟು ದೂರ ಹೋದದ್ದು?

ಅರವಿಂದ ವಿ.ಕೆ. ಅವರು ಮಾಡಿದ ‘ಗುಬ್ಬಿ’, ‘ನವಿಲು’ ಎಂಬ ಮುಕ್ತ ಫಾಂಟುಗಳು ಡೆಬಿಯನ್ ಲಿನಕ್ಸಿನ ಭಂಡಾರದಲ್ಲಿವೆ. ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ: ‘ಸ್ತ್ರೀ’ ಎಂದು ನೀನು ಫೋನಿನಲ್ಲಿ ಬರೆದಾಗ ಸಕಾರದ ಕೆಳಗೆ ತಕಾರ, ರಕಾರಗಳು ಸರಿಯಾದ ಜಾಗಕ್ಕೆ ಹೋಗಿ ಕೂರುತ್ತವಲ್ಲ, ಆ ಜೋಡಣೆ ಮಾಡುವುದು ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ. ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆಆಫೀಸ್, ಎಲ್ಲ ಕಡೆ ಅದೇ. ಅದನ್ನು ಕಟ್ಟಿದವರಲ್ಲಿ ಮುಖ್ಯರು ಇರಾನ್ ಮೂಲದ ಬೆಹದಾದ್ ಎಸ್ಫಹಬೋದ್. ಹಾರ್ಫ್‌ಬಜ್ ಎಂಬ ಹೆಸರು ಕೂಡ ಪಾರಸಿ ಭಾಷೆಯದ್ದು.

ಸರಿ, ಅಂಗಡಿಗೆ ಬರುತ್ತೇನೆ.

ಅಣ್ಣನ ಮನೆಯಲ್ಲಿರುವ ಆ ಹಳೆಯ ಎರಡು ಕಂಪ್ಯೂಟರುಗಳನ್ನು ಗುಜರಿಗೆ ಕೊಡಬೇಡ. ವಿಂಡೋಸ್ 10ಕ್ಕೆ ಕಂಪೆನಿಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ಹನ್ನೊಂದು ಆ ಯಂತ್ರಗಳಲ್ಲಿ ಹಾಕಲಿಕ್ಕೆ ಆಗುವುದಿಲ್ಲ. ಅದರ ಬದಲು ಲಿನಕ್ಸ್ ಮಿಂಟ್ ಹಾಕಿದರೆ 4 ಜಿಬಿ ರ‍್ಯಾಮಿನಲ್ಲಿ ಇನ್ನೂ ಕೆಲವು ವರ್ಷ ದುಡಿಯುತ್ತವೆ. ಪಹಣಿ, ಅರ್ಜಿ, ಬಿಲ್ಲು ಕಟ್ಟುವುದು, ಇವೆಲ್ಲ ಬ್ರೌಸರಿನೊಳಗಿನ ಕೆಲಸ, ಫೈರ್‌ಫಾಕ್ಸ್ ಸಾಕು. ಪತ್ರ, ಬಯೋಡೇಟಾ, ಲೆಕ್ಕದ ಪಟ್ಟಿಗೆ ಲಿಬ್ರೆಆಫೀಸ್. ವರ್ಡಿನ ಫೈಲುಗಳನ್ನು ಅದು ತೆರೆಯುತ್ತದೆ, ಆದರೆ ಕೋಷ್ಟಕ ತುಂಬಿದ ಫೈಲಾದರೆ ಸಾಲು ಅಲ್ಲಲ್ಲಿ ಸರಿಯಬಹುದು, ಪ್ರಿಂಟ್ ಒತ್ತುವ ಮೊದಲು ನೋಡಿಕೋ. ನಿನ್ನ ಸ್ವಂತ ಕಡತಗಳನ್ನು ಅದರದೇ ಒಡಿಎಫ್ ರೂಪದಲ್ಲಿ ಇಡು. ಅದು 2006ರಿಂದ ಅಂತರರಾಷ್ಟ್ರೀಯ ಮಾನಕ, ಒಳಗೆ ಹೇಗೆ ಬರೆದಿದೆ ಎಂಬುದನ್ನು ಯಾರೂ ಓದಬಹುದು. ಲಿಬ್ರೆಆಫೀಸ್ ನಾಳೆ ಇಲ್ಲವಾದರೂ ನಿನ್ನ ಗಿರಾಕಿಯ ಲೆಕ್ಕ ಇರುತ್ತದೆ.

ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣ, ಯಕ್ಷಗಾನದ ಕರಪತ್ರ, ಕಂಬಳದ ಫ್ಲೆಕ್ಸ್, ಇಲ್ಲಿಯೇ ನಿನಗೆ ಕಷ್ಟ. ಅದನ್ನು ಮುಚ್ಚಿಡುವುದಿಲ್ಲ. ಇಂಕ್‌ಸ್ಕೇಪಿನಲ್ಲಿ ಚಿತ್ರ ಬಿಡಿಸಬಹುದು, ಜಿಂಪಿನಲ್ಲಿ ಫೋಟೋ ತಿದ್ದಬಹುದು, ಸ್ಕ್ರೈಬಸ್ಸಿನಲ್ಲಿ ಪುಟ ಕಟ್ಟಬಹುದು. ಸ್ಕ್ರೈಬಸ್ಸಿಗೆ ಮೊದಲು ಕನ್ನಡದ ಒತ್ತಕ್ಷರ ಸರಿಯಾಗಿ ಬರುತ್ತಿರಲಿಲ್ಲ, ಹಾರ್ಫ್‌ಬಜ್ ಸೇರಿದ ಮೇಲೆ ಬರುತ್ತದೆ. ಆದರೆ ಅಚ್ಚಿನ ನಾಲ್ಕು ಬಣ್ಣದ ಲೆಕ್ಕದಲ್ಲಿ ಜಿಂಪ್ ಫೋಟೋಶಾಪಿನಷ್ಟು ಪಳಗಿಲ್ಲ. ಫ್ಲೆಕ್ಸ್ ಪ್ರೆಸ್ಸಿನವರು ಕೋರೆಲ್ ಫೈಲು ಕೇಳಿದರೆ ಪಿಡಿಎಫ್ ಆಗುತ್ತದಾ ಎಂದು ಮೊದಲೇ ಮಾತಾಡಿಕೋ. ಹಳೆಯ ಪ್ರೆಸ್ಸುಗಳಲ್ಲಿ ಇಪ್ಪತ್ತು ವರ್ಷದ ಹಿಂದಿನ ಪೇಜ್‌ಮೇಕರ್ ಇನ್ನೂ ಕೂತಿದೆ, ಅದರಲ್ಲಿರುವ ಕನ್ನಡ ಯೂನಿಕೋಡ್ ಅಲ್ಲ. ಅಂಥ ಬರಹವನ್ನು ಯೂನಿಕೋಡಿಗೆ ತರುವ ಪರಿವರ್ತಕವನ್ನೂ ಅರವಿಂದ ಅವರು ಮುಕ್ತವಾಗಿ ಕೊಟ್ಟಿದ್ದಾರೆ. ಪರಿವರ್ತಿಸಿದ ಮೇಲೆ ಒಂದು ಸಲ ಕಣ್ಣಾಡಿಸಲೇಬೇಕು. ವರನ ಹೆಸರು ತಪ್ಪಿದರೆ ತಂತ್ರಾಂಶದ ಸ್ವಾತಂತ್ರ್ಯದ ಬಗ್ಗೆ ಯಾರೂ ಕೇಳುವುದಿಲ್ಲ.

ಬೆರಳಚ್ಚು ಯಂತ್ರ, ಡಿಜಿಟಲ್ ಸಹಿಯ ಟೋಕನ್ ಇವು ಲಿನಕ್ಸಿನಲ್ಲಿ ನಡೆಯುತ್ತವಾ ಎಂದು ಕೊಳ್ಳುವ ಮೊದಲೇ ವಿಚಾರಿಸು. ನಡೆಯದಿದ್ದರೆ, ಅಥವಾ ಗಿರಾಕಿಗಳ ಲೆಕ್ಕಿಗರು ಲೆಕ್ಕ ಟ್ಯಾಲಿಯಲ್ಲಿಯೇ ಬೇಕೆಂದು ಹಿಡಿದರೆ, ಒಂದು ಯಂತ್ರಕ್ಕೆ ವಿಂಡೋಸ್ ಮತ್ತು ಆ ಪ್ರೋಗ್ರಾಮನ್ನು ಬಿಲ್ಲು ಸಹಿತ ಕೊಂಡುಕೋ. ನಾನು ಹಠ ಹಿಡಿಯುವವನಲ್ಲ. ಎಲ್ಲಿ ಅನಿವಾರ್ಯವೋ ಅಲ್ಲಿ ಕೊಳ್ಳುವುದು ಮರ್ಯಾದೆಯ ದಾರಿಯೇ.

ಇದು ಆಗುವ ಮಾತಾ ಎಂದು ಸಂಶಯವಿದ್ದರೆ ತಲಪಾಡಿ ದಾಟಿ ನೋಡು. ಕೇರಳದ ಶಾಲೆಗಳಲ್ಲಿ 2001ರಲ್ಲಿ ಐಟಿ@ಸ್ಕೂಲ್ ಎಂದು ಶುರುವಾದ ಕೆಲಸ ಈಗ ಕೈಟ್ ಎಂಬ ಸಂಸ್ಥೆಯಾಗಿದೆ. ಅಲ್ಲಿಯ ಮಕ್ಕಳು ಕಂಪ್ಯೂಟರ್ ಕಲಿಯುವುದೇ ಲಿನಕ್ಸಿನಲ್ಲಿ. ಮಂಜೇಶ್ವರ, ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಆ ಪಾಠಪುಸ್ತಕ ಕನ್ನಡದಲ್ಲಿಯೇ ಇದೆ. ಪರವಾನಗಿ ಶುಲ್ಕದಲ್ಲಿ ಸುಮಾರು 3000 ಕೋಟಿ ರೂಪಾಯಿ ಉಳಿದಿದೆ ಎಂಬುದು ಅಲ್ಲಿಯ ಸರಕಾರದ ಲೆಕ್ಕ. ನಮ್ಮಲ್ಲಿಯೂ 2011ರ ಹೊತ್ತಿಗೆ ಸರಕಾರಿ ಪ್ರೌಢಶಾಲೆಯ ಶಿಕ್ಷಕರಿಗೆ ಉಬುಂಟು, ಗಣಿತಕ್ಕೆ ಜಿಯೋಜಿಬ್ರಾ ಎಂದು ತರಬೇತಿ ಕೊಟ್ಟಿದ್ದರು. ಕೇರಳದಷ್ಟು ಬಿಡದೆ ಹಿಡಿಯಲಿಲ್ಲ ಎಂಬ ಬೇಸರ ನನಗಿದೆ.

ಇನ್ನೊಂದು ವಿಷಯ ಹೇಳದಿದ್ದರೆ ನಿನಗೆ ಅರ್ಧವೇ ಹೇಳಿದಂತೆ. ಮುಕ್ತ ಎಂದ ಕೂಡಲೇ ಸುರಕ್ಷಿತ ಎಂದಲ್ಲ. 2024ರ ಮಾರ್ಚಿನಲ್ಲಿ ‘ಎಕ್ಸ್‌ಜೆಡ್’ ಎಂಬ, ಲಿನಕ್ಸಿನ ಮೂಲೆಯಲ್ಲಿ ಕೂತು ಫೈಲು ಒತ್ತಿ ಚಿಕ್ಕದು ಮಾಡುವ ಸಣ್ಣ ಪ್ರೋಗ್ರಾಮಿಗೆ ಯಾರೋ ಕಳ್ಳಬಾಗಿಲು ಇಟ್ಟದ್ದು ಗೊತ್ತಾಯಿತು. ಅದನ್ನು ನೋಡಿಕೊಳ್ಳುತ್ತಿದ್ದವರು ಹೆಚ್ಚುಕಡಿಮೆ ಒಬ್ಬರೇ, ಸಂಬಳವಿಲ್ಲದೆ, ದಣಿದಿದ್ದರು. ಸಹಾಯಕ್ಕೆಂದು ಬಂದು ಎರಡು ವರ್ಷ ನಂಬಿಕೆ ಗಳಿಸಿದವನೇ ಮೋಸ ಮಾಡಿದ. ಹಿಡಿದದ್ದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್. ಲಾಗಿನ್ ಆಗಲಿಕ್ಕೆ ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಅವರಿಗೆ ಕಿರಿಕಿರಿಯಾಗಿ ಬಗೆದು ನೋಡಿದರು. ಮೂಲ ಬರಹ ತೆರೆದಿದ್ದರಿಂದ ನೋಡಲಿಕ್ಕೆ ಸಾಧ್ಯವಾಯಿತು. ಆದರೂ ನೋಡುವ ಒಂದು ಕಣ್ಣು ಬೇಕಾಯಿತು.

ಹಾಗಾಗಿ ಬರೀ ತೆಗೆದುಕೊಳ್ಳುವವನಾಗಬೇಡ. ನೀನು ಪ್ರೋಗ್ರಾಮ್ ಬರೆಯುವವನಲ್ಲದಿರಬಹುದು. ಲಿಬ್ರೆಆಫೀಸಿನಲ್ಲಿ ಕನ್ನಡ ಪದ ತಪ್ಪಿದ್ದರೆ ಬರೆದು ತಿಳಿಸು. ವರ್ಷಕ್ಕೊಮ್ಮೆ ಲಾಭದಲ್ಲಿ ಐನೂರು ರೂಪಾಯಿಯನ್ನು ಅದನ್ನು ಕಟ್ಟುವವರಿಗೆ ಕಳುಹಿಸು. ನಮ್ಮ ತುಳುವಿನ ಕೆಲಸವಂತೂ ರಾಶಿ ಬಿದ್ದಿದೆ. ತುಳು ವಿಕಿಪೀಡಿಯ 2016ರ ಆಗಸ್ಟಿನಲ್ಲಿ ಬಂತು, ಅದು ನಡೆಯುವುದೂ ಮುಕ್ತ ತಂತ್ರಾಂಶದ ಮೇಲೆಯೇ. ತುಳು-ತಿಗಳಾರಿ ಲಿಪಿ 2024ರ ಸೆಪ್ಟೆಂಬರಿನಲ್ಲಿ ಯೂನಿಕೋಡಿಗೆ ಸೇರಿತು. ಅದೇ ವರ್ಷ ಗೂಗಲ್ ಅನುವಾದಕ್ಕೂ ತುಳು ಬಂತು, ಒಳ್ಳೆಯದೇ. ಆದರೆ ಅಲ್ಲಿ ತಪ್ಪು ಬಂದರೆ ನಾವು ಹೇಳಿ ಕಾಯಬೇಕು, ವಿಕಿಪೀಡಿಯದಲ್ಲಿ ಕೂತಲ್ಲೇ ತಿದ್ದಬಹುದು. ಸಂತೆಗೆ ಬರುವ ಅಜ್ಜಂದಿರ ಬಾಯಿಯಲ್ಲಿ ಭತ್ತದ ತಳಿಗಳ, ಮೀನಿನ, ಸೊಪ್ಪಿನ ಎಷ್ಟೋ ತುಳು ಹೆಸರುಗಳಿವೆ. ಗಿರಾಕಿ ಇಲ್ಲದ ಮಧ್ಯಾಹ್ನ ದಿನಕ್ಕೆ ಒಂದು ಹೆಸರು ಸೇರಿಸಿದರೂ ಆಯಿತು.

ಆದಿತ್ಯವಾರ ಬೆಳಿಗ್ಗೆ ಬಾ. 8 ಜಿಬಿಯ ಖಾಲಿ ಪೆನ್ ಡ್ರೈವ್ ಒಂದು ತಾ. ನಿನ್ನ ಕಂಪ್ಯೂಟರಿನಲ್ಲಿ ಏನೂ ಅಳಿಸದೆ, ಪೆನ್ ಡ್ರೈವಿನಿಂದಲೇ ಲಿನಕ್ಸ್ ನಡೆಸಿ ತೋರಿಸುತ್ತೇನೆ. ನಿನ್ನ ಪ್ರಿಂಟರ್ ಹಿಡಿಯುತ್ತದಾ, ಕಗಪದಲ್ಲಿ ನಿನ್ನ ಕೈ ಓಡುತ್ತದಾ ನೋಡು. ಹಿಡಿಸದಿದ್ದರೆ ಪೆನ್ ಡ್ರೈವ್ ಕಿತ್ತುಕೊಂಡು ಹೋಗು, ನಾನು ಬೇಸರ ಮಾಡಿಕೊಳ್ಳುವುದಿಲ್ಲ. ಆ ಕಾಲದ ಒಂದು ಬ್ಯಾಕಪ್ ಸಿಡಿ ಇನ್ನೂ ನನ್ನ ಕಪಾಟಿನಲ್ಲಿದೆ, ಮೇಲೆ ನನ್ನದೇ ಅಕ್ಷರದಲ್ಲಿ ಶನಿವಾರದ ತಾರೀಕು. ಅದನ್ನೂ ನಿನಗೆ ತೋರಿಸಬೇಕು.

ನಿನ್ನ ಮಾವ